ಹೊಲದ ಕಾಲುವೆ, ದೋಣಿಯ ಕಾಲುವೆ

ಬೇಲೂರು ತಾಲ್ಲೂಕಿನ ಮಾದಿಹಳ್ಳಿಯಲ್ಲಿ ಒಂದು ಸಂಜೆ ಜಗಲಿಯ ಮೇಲೆ ನಾಲ್ಕಾರು ಮಂದಿ ಕುಳಿತಿದ್ದೆವು. ಇಂಗ್ಲೆಂಡಿನಲ್ಲಿ ಕೆಲಸದಲ್ಲಿರುವ ಆ ಮನೆಯ ಹುಡುಗ ರಜಕ್ಕೆ ಊರಿಗೆ ಬಂದಿದ್ದ. ಮೂವರು ಗೆಳೆಯರೊಡನೆ ಒಂದು ದೋಣಿಯನ್ನು ವಾರದ ಮಟ್ಟಿಗೆ ಬಾಡಿಗೆಗೆ ಹಿಡಿದು, ಕಾಲುವೆಯ ಮೇಲೆ ಊರೂರು ಸುತ್ತಿ ಬಂದ ಕಥೆಯನ್ನು ಹೇಳುತ್ತಿದ್ದ. ಅಡುಗೆ ದೋಣಿಯೊಳಗೆ, ನಿದ್ರೆ ದೋಣಿಯೊಳಗೆ. ಚುಕ್ಕಾಣಿ ಹಿಡಿಯುವವರೂ ತಾವೇ. ವೇಗವೋ, ದಡದ ಮೇಲೆ ಬಿರಬಿರನೆ ನಡೆಯುವವನಿಗೆ ಸಮ. ಎಲೆಯಡಿಕೆ ಹಾಕುತ್ತ ಎಲ್ಲವನ್ನೂ ಕೇಳಿಸಿಕೊಂಡ ಹಿರಿಯರೊಬ್ಬರು ಕೊನೆಗೆ ಒಂದೇ ಪ್ರಶ್ನೆ ಕೇಳಿದರು.

“ಎಲ್ಲಾ ಸರಿಯಪ್ಪಾ, ಆ ನೀರು ಯಾರ ಗದ್ದೆಗೆ ಹೋಗುತ್ತೆ?”

“ಯಾರ ಗದ್ದೆಗೂ ಇಲ್ಲ ತಾತ. ಅದು ದೋಣಿಗೇ ಅಂತ ಇರೋ ನೀರು.”

ಹಿರಿಯರು ನಕ್ಕುಬಿಟ್ಟರು. ಹುಡುಗ ತಮಾಷೆ ಮಾಡುತ್ತಿದ್ದಾನೆಂದೇ ಅವರು ತಿಳಿದರು. ಕಾಲುವೆ ತುಂಬ ನೀರಿರುವುದು, ಅದು ಒಂದು ಪೈರಿಗೂ ಸಲ್ಲದಿರುವುದು, ಅದರ ಮೇಲೆ ಜನ ದುಡ್ಡು ಕೊಟ್ಟು ತೇಲಾಡುವುದು: ಬಯಲು ಸೀಮೆಯ ಅಂಚಿನಲ್ಲಿ ಮೋಡ ನೋಡುತ್ತ ಬಾಳಿದವರಿಗೆ ಇದು ಹೇಗೆ ನಿಜವೆನಿಸೀತು? ಆದರೆ ಅವರ ಪ್ರಶ್ನೆ ನಗೆಯಲ್ಲಿ ಮುಗಿಯುವಂಥದಲ್ಲ. ಎರಡು ದೇಶಗಳ ಕಾಲುವೆಗಳ ಚರಿತ್ರೆಯೇ ಅದರಲ್ಲಿ ಅಡಗಿದೆ.

ಮೊದಲು ಆ ಹುಡುಗನ ದೋಣಿಯನ್ನೇ ನೋಡೋಣ. ಅದನ್ನು ಅಲ್ಲಿ ‘ನ್ಯಾರೋಬೋಟ್’, ಎಂದರೆ ಅಗಲ ಕಿರಿದಾದ ದೋಣಿ, ಎಂದು ಕರೆಯುತ್ತಾರೆ. ಉದ್ದ ಎಪ್ಪತ್ತು ಅಡಿಯವರೆಗೆ ಇದ್ದೀತು. ಅಗಲ ಮಾತ್ರ ಏಳಡಿಗೂ ಕಡಮೆ. ಈ ವಿಚಿತ್ರ ಆಕಾರ ಯಾರದೋ ಸೌಂದರ್ಯದೃಷ್ಟಿಯಿಂದ ಬಂದುದಲ್ಲ, ಲೆಕ್ಕಾಚಾರದಿಂದ ಬಂದುದು. ೧೭೬೧ರಲ್ಲಿ ಬ್ರಿಜ್‌ವಾಟರ್ ಎಂಬ ಡ್ಯೂಕನು ತನ್ನ ಗಣಿಯ ಕಲ್ಲಿದ್ದಲನ್ನು ಮ್ಯಾಂಚೆಸ್ಟರಿನ ಕಡೆಗೆ ಸಾಗಿಸಲು ಕಾಲುವೆಯನ್ನು ತೋಡಿಸಿದ. ನಗರದಲ್ಲಿ ಕಲ್ಲಿದ್ದಲಿನ ಬೆಲೆ ಅರ್ಧಕ್ಕೆ ಇಳಿಯಿತೆಂದು ಚರಿತ್ರಕಾರರು ಹೇಳುತ್ತಾರೆ. ಆ ಕೆಲಸದಲ್ಲಿ ಹೆಸರಾದ ಜೇಮ್ಸ್ ಬ್ರಿಂಡ್ಲಿ ಮುಂದೆ ಮಧ್ಯ ಇಂಗ್ಲೆಂಡಿನಲ್ಲಿ ಕಾಲುವೆಗಳನ್ನು ಹೂಡಿದಾಗ, ಹಣ ಮತ್ತು ನೀರು ಎರಡನ್ನೂ ಉಳಿಸಲೆಂದು, ದೋಣಿಯನ್ನು ಮೇಲೇರಿಸಿ ಕೆಳಗಿಳಿಸುವ ‘ಲಾಕು’ಗಳ ಅಗಲವನ್ನು ಏಳಡಿಗೆ ತಂದ. ಲಾಕು ಇಕ್ಕಟ್ಟಾದ ಮೇಲೆ ದೋಣಿಯೂ ಇಕ್ಕಟ್ಟಾಗಲೇಬೇಕಷ್ಟೆ. ದಡದ ಮೇಲೆ ನಡೆಯುವ ಒಂದೇ ಕುದುರೆ ಅಂಥ ದೋಣಿಯಲ್ಲಿ ಇಪ್ಪತ್ತೈದು ಟನ್ ಸರಕನ್ನು ಎಳೆಯುತ್ತಿತ್ತು. ನಮ್ಮ ಜೋಡೆತ್ತಿನ ಗಾಡಿ ಒಂದು ಟನ್ ಹೊತ್ತರೆ ಹೆಚ್ಚು. ವ್ಯತ್ಯಾಸ ಎಷ್ಟೆಂಬುದನ್ನು ವಾಚಕರೇ ಊಹಿಸಬಹುದು.

೧೮೩೦ರ ಬಳಿಕ ರೈಲು ಬಂದಿತು. ಸಾಗಣೆಯ ದರ ಕುಸಿಯಿತು. ದಡದ ಮೇಲಿನ ಮನೆಗೆ ಬಾಡಿಗೆ ಕೊಡಲಾರದೆ ದೋಣಿಯವರು ಹೆಂಡತಿ ಮಕ್ಕಳನ್ನು ದೋಣಿಗೇ ತಂದರು. ಹಿಂಬದಿಯಲ್ಲಿ ಹತ್ತು ಅಡಿ ಉದ್ದದ ಒಂದು ಗೂಡು. ಅಡುಗೆ, ಹೆರಿಗೆ, ರೋಗ, ಸಾವು ಎಲ್ಲವೂ ಅಲ್ಲೇ. ಮಕ್ಕಳಿಗೆ ಶಾಲೆಯಿಲ್ಲ. ಈ ದುರವಸ್ಥೆಯ ಮೇಲೆ ಜನರ ಕಣ್ಣು ಬೀಳುವಂತೆ ಮಾಡಿದವನು ಕೋಲ್‌ವಿಲ್ಲಿನ ಜಾರ್ಜ್ ಸ್ಮಿತ್. ಅವನ ಪ್ರಯತ್ನದಿಂದ ೧೮೭೭ರಲ್ಲೂ ೧೮೮೪ರಲ್ಲೂ ಕಾಲುವೆ ದೋಣಿಗಳ ಕಾನೂನುಗಳಾದವು. ಇಂದು ವಿಹಾರಕ್ಕೆ ಹೋದವರು ಮೆಚ್ಚಿಕೊಳ್ಳುವ, ದೋಣಿಯ ಮೈಮೇಲಿನ ಗುಲಾಬಿ ಮತ್ತು ಕೋಟೆಗಳ ಚಿತ್ರಗಳಿವೆಯಲ್ಲ, ಅವು ಆ ಸಂಸಾರಗಳ ಬಳುವಳಿ. ಹತ್ತಡಿಯ ಗೂಡಿನಲ್ಲಿ ಬಾಳುವವರು ಅದರ ಬಾಗಿಲ ಮೇಲೆ ಕೋಟೆಯನ್ನು ಬರೆದುಕೊಂಡರು!

ಇಪ್ಪತ್ತನೆಯ ಶತಮಾನದಲ್ಲಿ ಲಾರಿಗಳೂ ಬಂದಮೇಲೆ ಕಾಲುವೆಗಳು ಹೂಳು ತುಂಬಿ ಸಾಯತೊಡಗಿದವು. ೧೯೩೯ರಲ್ಲಿ ಎಲ್. ಟಿ. ಸಿ. ರೋಲ್ಟ್ ಎಂಬ ಇಂಜಿನಿಯರು ತನ್ನ ಹೆಂಡತಿಯೊಡನೆ ‘ಕ್ರೆಸ್ಸಿ’ ಎಂಬ ಹಳೆಯ ದೋಣಿಯಲ್ಲಿ ಈ ಸಾಯುತ್ತಿರುವ ನೀರಿನ ಮೇಲೆ ಪಯಣ ಹೊರಟ. ಅದರ ಕಥನವಾದ ‘ನ್ಯಾರೋ ಬೋಟ್’ ೧೯೪೪ರಲ್ಲಿ, ಯುದ್ಧ ಇನ್ನೂ ಮುಗಿಯದಿರುವಾಗಲೇ, ಅಚ್ಚಾಯಿತು. ಅದನ್ನೋದಿದ ರಾಬರ್ಟ್ ಐಕ್‌ಮನ್ ರೋಲ್ಟ್‌ನನ್ನು ಹುಡುಕಿಕೊಂಡು ಬಂದ. ೧೯೪೬ರಲ್ಲಿ ಒಳನಾಡಿನ ಜಲಮಾರ್ಗಗಳ ಸಂಘ ಹುಟ್ಟಿತು. ರಜಾದಿನಗಳಲ್ಲಿ ಗುದ್ದಲಿ ಹಿಡಿದು ಬಂದ ಸಾಮಾನ್ಯ ಜನರು ಹೂಳೆತ್ತಿದರು, ಮುರಿದ ಲಾಕುಗಳನ್ನು ಕಟ್ಟಿದರು. ಹಾಗೆ ಜೀರ್ಣೋದ್ಧಾರವಾದ ಸ್ಟ್ರಾಟ್‌ಫರ್ಡ್ ಕಾಲುವೆಯ ದಕ್ಷಿಣ ಭಾಗ ೧೯೬೪ರಲ್ಲಿ ಮತ್ತೆ ತೆರೆಯಿತು. ೧೯೬೮ರ ಕಾನೂನು ಕೆಲವು ಕಾಲುವೆಗಳನ್ನು ವಿಹಾರಕ್ಕಾಗಿಯೇ ಉಳಿಸಬೇಕೆಂದು ಒಪ್ಪಿತು. ಈಗ ಆ ದೇಶದ ಕಾಲುವೆ ಮತ್ತು ನದಿಗಳ ಮೇಲೆ ಮೂವತ್ತು ಸಾವಿರಕ್ಕೂ ಹೆಚ್ಚು ದೋಣಿಗಳಿವೆ. ದುಡಿಯುತ್ತಿದ್ದ ಕಾಲಕ್ಕಿಂತ ಆಡುವ ಕಾಲದಲ್ಲೇ ಕಾಲುವೆಗೆ ದೋಣಿ ಹೆಚ್ಚಾದುದು ಚರಿತ್ರೆಯ ಒಂದು ವಿನೋದ. ದುಡಿದು ನಿವೃತ್ತವಾದ ನೀರು ಅದು. ಅದಕ್ಕೆ ಬೇರೆ ಯಾರ ಬೇಡಿಕೆಯೂ ಇರಲಿಲ್ಲ. ಆದ್ದರಿಂದಲೇ ಅದು ವಿಹಾರಕ್ಕೆ ಒದಗಿತು.

ಈಗ ನಮ್ಮ ಕಡೆಗೆ ಬರೋಣ. ಗದ್ದೆಯ ಕಾಲುವೆಯೂ ದೋಣಿಯ ಕಾಲುವೆಯೂ ನೋಟಕ್ಕೆ ಒಂದೇ ಆದರೂ ಸ್ವಭಾವದಲ್ಲಿ ಎಣ್ಣೆ ಸೀಗೆಕಾಯಿ. ಗದ್ದೆಯ ಕಾಲುವೆ ಸದಾ ಇಳಿಜಾರಿನಲ್ಲಿ ಹರಿಯುತ್ತಿರಬೇಕು, ನಿಂತರೆ ಕೆಟ್ಟಿತು. ಮೊದಲಲ್ಲಿ ಅಗಲವಾಗಿದ್ದು, ತೂಬು ತೂಬಿಗೂ ಪಾಲು ಕೊಡುತ್ತ, ಕಡೆಯ ಹಳ್ಳಿಗೆ ಬರುವಾಗ ಒಂದೇ ನೆಗೆತಕ್ಕೆ ದಾಟುವಷ್ಟಾಗುತ್ತದೆ. ನೆಲ ತಗ್ಗಾದಲ್ಲಿ ಧುಮುಕುತ್ತದೆ. ಬೆಳೆ ಬಂದ ಮೇಲೆ ಒಣಗುತ್ತದೆ. ದೋಣಿಯ ಕಾಲುವೆಗಾದರೋ ನೀರು ನಿಂತಿರಬೇಕು, ಮಟ್ಟವೂ ಅಗಲವೂ ಮೊದಲಿನಿಂದ ಕಡೆಯವರೆಗೆ ಒಂದೇ ಇರಬೇಕು, ವರ್ಷವಿಡೀ ಇರಬೇಕು. ನೆಲ ಏರಿದಲ್ಲಿ ಎರಡು ಬಾಗಿಲುಗಳ ನಡುವೆ ದೋಣಿಯನ್ನು ಕೂಡಿಹಾಕಿ, ನೀರು ತುಂಬಿ ಮೇಲೆತ್ತುತ್ತಾರೆ. ಒಂದು ದೋಣಿ ಹಾದುಹೋದರೆ ಒಂದು ತೊಟ್ಟಿಯಷ್ಟು ನೀರು ಕೆಳಗಿಳಿಯುತ್ತದೆ, ಅಷ್ಟೆ. ಒಂದಕ್ಕೆ ನೀರು ಕೊಡುವುದೇ ಧರ್ಮ, ಇನ್ನೊಂದಕ್ಕೆ ನೀರು ಕಾಯುವುದೇ ಧರ್ಮ. ಹಳೆಯ ಮೈಸೂರಿನ ನೀರುಗಂಟಿಯನ್ನು ಕರೆದುಕೊಂಡು ಹೋಗಿ ಇಂಗ್ಲೆಂಡಿನ ಲಾಕಿನ ಬಳಿ ನಿಲ್ಲಿಸಿದರೆ, ತೂಬೇ ಇಲ್ಲದ ಏರಿಯನ್ನು ಕಂಡು ಅವನು ತಬ್ಬಿಬ್ಬಾಗದೆ ಇರನು.

ಹೊಯ್ಸಳರ ನಾಡಿನವರು ನೀರಿನ ಬೆಲೆಯನ್ನು ಚೆನ್ನಾಗಿ ಬಲ್ಲವರು. ಅವರ ರಾಜಧಾನಿಯ ಹೆಸರೇ ದೋರಸಮುದ್ರ; ಬೇಲೂರಿನ ಕೆರೆ ವಿಷ್ಣುಸಮುದ್ರ. ಕಡಲಿನಿಂದ ಬಹುದೂರ, ಘಟ್ಟದ ಈಚೆಗೆ, ಕೆರೆಗೆ ಸಮುದ್ರವೆಂದು ಹೆಸರಿಟ್ಟವರ ಮನಸ್ಸಿನಲ್ಲಿ ದೋಣಿಯಿರಲಿಲ್ಲ, ಭತ್ತವಿತ್ತು. ಹಾಗೆಂದು ದೋಣಿ ಕನ್ನಡಿಗರಿಗೆ ಅಪರಿಚಿತವೆಂದಲ್ಲ. ಬಿದಿರಿನ ಬುಟ್ಟಿಗೆ ತೊಗಲು ಹೊದಿಸಿದ ಹರಿಗೋಲು ನಮ್ಮ ಹೊಳೆಗಳ ಹಳೆಯ ವಾಹನ. ವಿಜಯನಗರಕ್ಕೆ ೧೫೨೦ರ ಸುಮಾರಿನಲ್ಲಿ ಬಂದ ಪೋರ್ಚುಗೀಸ್ ವರ್ತಕ ಡೊಮಿಂಗೊ ಪಾಯೆಸ್ ತುಂಗಭದ್ರೆಯ ಮೇಲೆ ಅದನ್ನು ಕಂಡು ಬೆರಗಾದ. ಹದಿನೈದಿಪ್ಪತ್ತು ಜನರನ್ನು ಹೊರುತ್ತದೆ, ಬೇಕಾದರೆ ಕುದುರೆ ಎತ್ತುಗಳನ್ನೂ ದಾಟಿಸುತ್ತದೆ, ಆದರೆ ನೇರವಾಗಿ ಹೋಗದೆ ಗಿರಗಿರನೆ ಸುತ್ತುತ್ತದೆ ಎಂದು ಬರೆದಿಟ್ಟ. ಆದರೆ ಹರಿಗೋಲು ದಾಟುವುದಕ್ಕೆ, ವಿಹಾರಕ್ಕಲ್ಲ. ಈ ದಡದಿಂದ ಆ ದಡಕ್ಕೆ ಮುಟ್ಟಿದರೆ ಅದರ ಕೆಲಸ ಮುಗಿಯಿತು. ನೀರಿನ ಮೇಲೆ ಸುಮ್ಮನೆ, ಸಂತೋಷಕ್ಕಾಗಿ, ಸುತ್ತಿ ಬರುವ ಭಾಗ್ಯವನ್ನು ನಮ್ಮವರು ದೇವರಿಗೆ ಮೀಸಲಿಟ್ಟರು. ಮೇಲುಕೋಟೆಯ ಕಲ್ಯಾಣಿಯಲ್ಲಿ, ನಂಜನಗೂಡಿನ ಕಪಿಲೆಯಲ್ಲಿ ತೆಪ್ಪೋತ್ಸವ ನಡೆಯುವಾಗ ದೇವರು ದೀಪಗಳ ನಡುವೆ ತೇಲುತ್ತಾನೆ. ನಾವು ದಡದಲ್ಲಿ ಕೈಮುಗಿದು ನಿಲ್ಲುತ್ತೇವೆ.

ದೋಣಿಗೆಂದೇ ಕಾಲುವೆ ತೋಡಿದ ಉದಾಹರಣೆ ಕನ್ನಡ ನಾಡಿನ ಅರಸರ ಕಾಲದಲ್ಲಿ ಇಲ್ಲವೆ? ಒಂದುಂಟು, ಆದರೆ ಅದು ಇರುವುದು ಮಲೆಯಾಳದ ಕರಾವಳಿಯಲ್ಲಿ. ಬ್ರಿಜ್‌ವಾಟರ್ ಕಾಲುವೆ ತೆರೆದ ೧೭೬೧ರಲ್ಲೇ ಹೈದರಾಲಿ ಮೈಸೂರಿನ ಅಧಿಕಾರವನ್ನು ಕೈಗೆ ತೆಗೆದುಕೊಂಡ. ೧೭೬೬ರಲ್ಲಿ ಅವನು ಮಲಬಾರನ್ನು ಗೆದ್ದಾಗ, ಅವನ ಪರವಾಗಿ ನಿಂತಿದ್ದ ಕಣ್ಣೂರಿನ ಆಲಿ ರಾಜ ಏಳಿಮಲೆಯ ಹಿಂಭಾಗದಲ್ಲಿ ಒಂದು ಕಾಲುವೆಯನ್ನು ಕಡಿಸಿದ. ಅಲ್ಲಿಯವರೆಗೆ ದೋಣಿಗಳು ಏಳಿಮಲೆಯ ಮೂಗನ್ನು ಬಳಸಿ, ಮಳೆಗಾಲದ ಕಡಲಿನಲ್ಲಿ ಜೀವವನ್ನು ಕೈಯಲ್ಲಿ ಹಿಡಿದು ಹೋಗಬೇಕಾಗಿತ್ತು. ಈ ಕಾಲುವೆಯ ಉದ್ದ ನಾಲ್ಕು ಕಿಲೋಮೀಟರಿಗೆ ಸ್ವಲ್ಪ ಕಡಮೆ. ಆದರೆ ಪಳಯಂಗಾಡಿಯ ಹೊಳೆಯನ್ನು ಉತ್ತರದ ಕವ್ವಾಯಿ ಹಿನ್ನೀರಿಗೆ ಸೇರಿಸಿ, ಒಳಗಿನಿಂದಲೇ ದಾರಿ ಮಾಡಿಕೊಟ್ಟಿತು. ಅಲ್ಲಿಯವರು ಅದನ್ನು ಇಂದಿಗೂ ಸುಲ್ತಾನನ ತೋಡು ಎಂದೇ ಕರೆಯುತ್ತಾರೆ. ಕಡಲ ನೀರು ಉಪ್ಪು. ಅದಕ್ಕೆ ಗದ್ದೆಯ ಹಕ್ಕುದಾರರಿಲ್ಲ. ಆದ್ದರಿಂದ ಅಲ್ಲಿ ದೋಣಿಗೆ ಎದುರು ಹೇಳುವವರೂ ಇರಲಿಲ್ಲ.

ಒಂದೇ ನೀರು ಗದ್ದೆಗೂ ದೋಣಿಗೂ ಒದಗುವಂತೆ ಮಾಡುತ್ತೇನೆಂದು ಹೊರಟವನು ಸರ್ ಆರ್ಥರ್ ಕಾಟನ್. ಗೋದಾವರಿಗೆ ಧವಳೇಶ್ವರದಲ್ಲಿ ಅಣೆಕಟ್ಟು ಕಟ್ಟಿ, ಅದರ ಕಾಲುವೆಗಳಲ್ಲಿ ಭತ್ತಕ್ಕೆ ನೀರನ್ನೂ ಹರಿಸಿ ದೋಣಿಯನ್ನೂ ನಡೆಸಿ ತೋರಿಸಿದ ಇಂಜಿನಿಯರ್ ಅವನು. ಮುಖಜಭೂಮಿಯ ಆ ಯಶಸ್ಸು ಬಯಲಿನಲ್ಲೂ ಸಾಧ್ಯವೆಂದು ಅವನು ನಂಬಿದ. ಅವನ ಸ್ಫೂರ್ತಿಯಿಂದ ಹುಟ್ಟಿದ ಮದ್ರಾಸ್ ನೀರಾವರಿ ಕಂಪೆನಿ, ಹತ್ತು ಲಕ್ಷ ಪೌಂಡಿನ ಬಂಡವಾಳಕ್ಕೆ ಶೇಕಡ ಐದು ಬಡ್ಡಿಯ ಸರ್ಕಾರಿ ಖಾತರಿಯನ್ನು ಪಡೆದು, ೧೮೬೩ರಲ್ಲಿ ಕೆಲಸಕ್ಕೆ ಕೈಹಾಕಿತು. ನಮ್ಮ ಮಲೆನಾಡಿನಿಂದ ಹರಿದುಹೋದ ತುಂಗಭದ್ರೆಯನ್ನು ಕರ್ನೂಲಿನ ಮೇಲ್ಗಡೆ ಸುಂಕೇಸುಲದಲ್ಲಿ ತಡೆದು, ಕಡಪದವರೆಗೆ ಸುಮಾರು ೧೯೦ ಮೈಲಿ ಉದ್ದಕ್ಕೆ ಕಾಲುವೆಯನ್ನು ತೋಡಿದರು. ನೀರು ಧುಮುಕುವ ಕಡೆಗಳಲ್ಲಿ ದೋಣಿಗಾಗಿ ಲಾಕುಗಳನ್ನೂ ಕಟ್ಟಿದರು.

ಕಾಟನ್ನನ ಮನಸ್ಸಿನಲ್ಲಿದ್ದುದು ಇದಕ್ಕಿಂತ ಬಹು ದೊಡ್ಡದು. ೧೮೭೬–೭೮ರ ಬರಗಾಲದಲ್ಲಿ ಮೈಸೂರು ಸಂಸ್ಥಾನವೊಂದರಲ್ಲೇ ಸುಮಾರು ಹತ್ತು ಲಕ್ಷ ಜನ ಅಳಿದರು. ಬಳ್ಳಾರಿ, ಕರ್ನೂಲು, ಕಡಪ ಸ್ಮಶಾನವಾದವು. ಧಾನ್ಯ ಇದ್ದೆಡೆಯಿಂದ ಇಲ್ಲದೆಡೆಗೆ ಸಾಗಿಸುವುದೇ ಕಷ್ಟವಾಯಿತು. ರೈಲು ನಿಂತ ಕಡೆಯಿಂದ ಮುಂದಕ್ಕೆ ಬಂಡಿ ಎಳೆಯಬೇಕಾದ ಎತ್ತುಗಳಿಗೇ ಮೇವಿರಲಿಲ್ಲ. ೧೮೭೮ರಲ್ಲಿ ಬ್ರಿಟಿಷ್ ಪಾರ್ಲಿಮೆಂಟಿನ ಸಮಿತಿಯ ಮುಂದೆ ನಿಂತು ಕಾಟನ್ ತನ್ನ ವಾದವನ್ನಿಟ್ಟ: ಹಿಂದೂಸ್ಥಾನಕ್ಕೆ ಬೇಕಾದದ್ದು ರೈಲಲ್ಲ, ಅಗ್ಗದ ಜಲಮಾರ್ಗ. ಅವನು ಸೂಚಿಸಿದ ಮಹಾಮಾರ್ಗಗಳಲ್ಲಿ ಒಂದು ತುಂಗಭದ್ರೆಯನ್ನು ಹಿಡಿದು ಮೇಲೇರಿ ಕಾರವಾರದಲ್ಲಿ ಕಡಲನ್ನು ಮುಟ್ಟುವಂಥದು. ಆ ಕಾರವಾರವನ್ನು ಧಾರವಾಡದ ಹತ್ತಿಗೆ ರೇವು ಮಾಡಬೇಕೆಂಬ ಆಸೆಯಿಂದಲೇ ಉತ್ತರ ಕನ್ನಡವನ್ನು ೧೮೬೨ರಲ್ಲಿ ಮದ್ರಾಸಿನಿಂದ ಮುಂಬಯಿ ಆಧಿಪತ್ಯಕ್ಕೆ ಸೇರಿಸಿದ್ದರು. ಕಾಟನ್ನನ ಮಾತು ನಡೆದಿದ್ದರೆ ಹರಿಹರ, ಹೊಸಪೇಟೆಗಳ ಮುಂದೆ ಹಡಗಿನಂಥ ದೋಣಿಗಳು ಸಾಲಾಗಿ ನಿಲ್ಲುತ್ತಿದ್ದವೋ ಏನೋ! ಸಮಿತಿ ಒಪ್ಪಲಿಲ್ಲ. ಘಟ್ಟದ ಎತ್ತರವನ್ನು ದೋಣಿ ಏರುವುದು ಸುಲಭದ ಮಾತಾಗಿರಲಿಲ್ಲ. ಆ ವೇಳೆಗೆ ರೈಲಿನ ಪಕ್ಷವೂ ಬಲವಾಗಿ ಬೇರೂರಿತ್ತು.

ಕಟ್ಟಿ ಮುಗಿದಿದ್ದ ಕರ್ನೂಲು ಕಾಲುವೆಯ ಗತಿಯಾದರೂ ಏನಾಯಿತು? ಬೇಸಗೆಯಲ್ಲಿ ತುಂಗಭದ್ರೆ ಸೊರಗಿದಾಗ ಕಾಲುವೆಯೂ ಸೊರಗುತ್ತಿತ್ತು. ದೋಣಿ ಕೆಸರಿಗೆ ಕೂರುತ್ತಿತ್ತು. ಕಡಪದಿಂದ ಮುಂದೆ ಕಡಲಿನವರೆಗೆ ಹೋಗಬೇಕಾಗಿದ್ದ ಭಾಗ ಕಾಗದದಲ್ಲೇ ಉಳಿಯಿತು. ಎರೆಭೂಮಿಯ ರೈತರು ಮೊದಮೊದಲು ನೀರು ಪಡೆಯಲು ಹಿಂಜರಿದರು. ಬರ ಬಂದಾಗ ಅದೇ ನೀರಿಗೆ ಮುಗಿಬಿದ್ದರು. ಕಂಪೆನಿ ಎದ್ದು ನಿಲ್ಲಲಾರದೆ ೧೮೮೨ರಲ್ಲಿ ಸರ್ಕಾರ ಕಾಲುವೆಯನ್ನು ವಹಿಸಿಕೊಂಡಿತು. ಗದ್ದೆಯ ಬೇಡಿಕೆ ಬೆಳೆದಂತೆ ದೋಣಿಯ ಪಾಲು ಕರಗಿತು. ೧೯೩೩ರಲ್ಲಿ ಸಂಚಾರವನ್ನು ಕೈಬಿಟ್ಟು ಕಾಲುವೆಯನ್ನು ಪೂರ್ತಿಯಾಗಿ ನೀರಾವರಿಗೆ ಬಿಟ್ಟುಕೊಟ್ಟರು. ಅರವತ್ತು ವರ್ಷಗಳ ವ್ಯಾಜ್ಯದಲ್ಲಿ ಕೊನೆಗೆ ಗೆದ್ದದ್ದು ಗದ್ದೆ. ಇಂಗ್ಲೆಂಡಿನಲ್ಲಿ ದೋಣಿಯನ್ನು ಸೋಲಿಸಿದ್ದು ರೈಲು. ಇಲ್ಲಿ ಸೋಲಿಸಿದವರಲ್ಲಿ ಭತ್ತವೂ ಸೇರಿದೆ. ರೈಲಿಗೆ ಸೋತ ಕಾಲುವೆಯಲ್ಲಿ ನೀರು ಉಳಿಯಿತು, ಮುಂದೆ ವಿಹಾರವೂ ಬಂದಿತು. ಭತ್ತಕ್ಕೆ ಸೋತ ಕಾಲುವೆಯಲ್ಲಿ ವಿಹಾರಕ್ಕೆ ಮಿಕ್ಕುವುದೇನು?

ಕಾಟನ್ನನ ಮಹಾಮಾರ್ಗ ಬಂದು ಸೇರಬೇಕಾಗಿದ್ದ ಅದೇ ಕಾರವಾರದಲ್ಲಿ, ಅವನು ಸಾಕ್ಷ್ಯ ನುಡಿದ ಐದು ವರ್ಷಕ್ಕೆ, ಒಂದು ಸಣ್ಣ ದೋಣಿ ಬೇರೆಯೇ ಕೆಲಸಕ್ಕಾಗಿ ಹೊರಟಿತು. ೧೮೮೩ರಲ್ಲಿ ರವೀಂದ್ರನಾಥ ಠಾಕೂರರು, ಅಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರ ಮನೆಗೆ ಬಂದಿದ್ದರು. ಒಂದು ಬೆಳುದಿಂಗಳ ರಾತ್ರಿ ಜೊತೆಗಾರರೊಡನೆ ಕಾಳಿನದಿಯಲ್ಲಿ ಮೇಲಕ್ಕೆ ಹೋಗಿ, ಶಿವಾಜಿಯ ಕಾಲದ ಗುಡ್ಡದ ಕೋಟೆಯೊಂದರ ಬುಡದಲ್ಲಿಳಿದರು. ರೈತನೊಬ್ಬನ ಸಾರಿಸಿ ಗುಡಿಸಿದ ಅಂಗಳದಲ್ಲಿ ಕುಳಿತು, ಕಟ್ಟಿಕೊಂಡು ಹೋಗಿದ್ದ ಬುತ್ತಿಯನ್ನು ಬಿಚ್ಚಿ ಉಂಡರು. ಬರುವಾಗ ಇಳಿತದ ನೀರಿಗೆ ದೋಣಿಯನ್ನು ಬಿಟ್ಟುಕೊಟ್ಟರು. ಅಳಿವೆಗೆ ಮುಟ್ಟುವಾಗ ಬಹಳ ಹೊತ್ತಾಗಿತ್ತು. ಇಳಿದು ಮರಳಿನ ಮೇಲೆ ನಡೆದೇ ಮನೆ ಸೇರಿದರು. ಈ ಪ್ರಸಂಗವನ್ನು ಅವರು ತಮ್ಮ ‘ಜೀವನಸ್ಮೃತಿ’ಯಲ್ಲಿ ನೆನೆದಿದ್ದಾರೆ. ಕನ್ನಡ ನೆಲದಲ್ಲಿ ಗೆಳೆಯರ ದೋಣಿವಿಹಾರಕ್ಕೆ ಇದಕ್ಕಿಂತ ಒಳ್ಳೆಯ ದಾಖಲೆಯನ್ನು ನಾನು ಕಾಣೆ. ಗಮನಿಸಬೇಕಾದದ್ದು ಇಷ್ಟು: ಅದೂ ಕಡಲು ಬಂದು ಹೋಗುವ ನೀರೇ, ಯಾರ ಪಾಲಿನದೂ ಅಲ್ಲದ ನೀರು.

ಇಂದಿಗೂ ಲೆಕ್ಕ ಹಾಗೆಯೇ ಇದೆ. ಮಾದಿಹಳ್ಳಿಯ ಹುಡುಗ ಗೆಳೆಯರೊಡನೆ ಮನೆಯಂಥ ದೋಣಿಯಲ್ಲಿ ನಿಧಾನವಾಗಿ ತೇಲಬೇಕೆಂದರೆ ಘಟ್ಟವಿಳಿದು ಕಾಸರಗೋಡು ಜಿಲ್ಲೆಗೆ ಹೋಗಬೇಕು. ಅದೇ ಕವ್ವಾಯಿ ಹಿನ್ನೀರು ವಲಿಯಪರಂಬದ ಉದ್ದಕ್ಕೂ ಚಾಚಿಕೊಂಡಿದೆ. ನೀಲೇಶ್ವರದ ಬಳಿಯ ಕೋಟಪ್ಪುರದಿಂದ ದೋಣಿಮನೆಗಳು ಹೊರಡುತ್ತವೆ. ಅವುಗಳ ಮಾದರಿಯಾದ ‘ಕೆಟ್ಟುವಳ್ಳಂ’ ಹೆಬ್ಬಲಸಿನ ಹಲಗೆಗಳನ್ನು ಮೊಳೆಯಿಲ್ಲದೆ ತೆಂಗಿನ ನಾರಿನ ಹಗ್ಗದಿಂದ ಹೊಲಿದ ಹಳೆಯ ಅಕ್ಕಿದೋಣಿ. ಲಾರಿ ಬಂದು ಅದರ ಹೊಟ್ಟೆಪಾಡು ಹೋದ ಮೇಲೆ, ಇಂಗ್ಲೆಂಡಿನ ದೋಣಿಯಂತೆ ಅದೂ ವಿಹಾರದ ವೇಷ ತೊಟ್ಟಿತು.

ನಮ್ಮ ಕಡೆ, ಯಗಚಿಗೆ ಬೇಲೂರಿನ ಬಳಿ ೨೦೦೧ರಲ್ಲಿ ಅಣೆಕಟ್ಟು ಮುಗಿದು ಹಿನ್ನೀರು ನಿಂತಿತು. ಅಲ್ಲಿ ಜಲಕ್ರೀಡೆಯ ಕೇಂದ್ರವೊಂದೂ ತಲೆಯೆತ್ತಿತು. ಆದರೆ ಅಣೆಯಿಂದ ಈಚೆಗೆ ಇಳಿದ ನೀರು ಆಟಕ್ಕೆ ಸಿಕ್ಕುವಂಥದಲ್ಲ. ರಣಘಟ್ಟದ ಒಡ್ಡಿನಿಂದ ಯಗಚಿಯ ನೀರನ್ನು ಹಳೇಬೀಡಿನ ಕೆರೆಗೆ ಹರಿಸಿರೆಂದು ಹಳೇಬೀಡು, ಮಾದಿಹಳ್ಳಿ ಕಡೆಯ ರೈತರು ವರ್ಷಗಟ್ಟಲೆ ಹೋರಾಡಿದ್ದಾರೆ, ಉಪವಾಸ ಕೂತಿದ್ದಾರೆ. ಸಮುದ್ರವೆಂದು ಹೆಸರಿಟ್ಟ ಕೆರೆ ಬಿರುಕುಬಿಟ್ಟುದನ್ನು ಕಣ್ಣಾರೆ ಕಂಡವರು ಅವರು.

ಆದ್ದರಿಂದ ಜಗಲಿಯ ಹಿರಿಯರ ಪ್ರಶ್ನೆಯನ್ನು ಹಳ್ಳಿಯವರ ಮುಗ್ಧತೆಯೆಂದು ತಳ್ಳಿಹಾಕುವಂತಿಲ್ಲ. ಕಾಟನ್ನನಂಥ ಮಹಾ ಇಂಜಿನಿಯರು ಬಯಲಿನಲ್ಲಿ ಉತ್ತರಿಸಲಾರದೆ ಸೋತ ಪ್ರಶ್ನೆಯೇ ಅದು. ಆದರೂ ಆ ಹುಡುಗ ಕಂಡು ಬಂದುದರಲ್ಲಿ ನಮಗೂ ಒಂದು ಪಾಠವುಂಟು. ಅಲ್ಲಿಯ ನೀರು ಉಳಿದದ್ದು ತಾನಾಗಿ ಅಲ್ಲ, ರಜೆಯ ದಿನ ಗುದ್ದಲಿ ಹಿಡಿದು ಬಂದವರಿಂದ. ನಮ್ಮ ಕೆರೆಗಳ ಹೂಳಿಗೂ ಕಲ್ಯಾಣಿಗಳ ಪಾಚಿಗೂ ಅಂಥ ಗೆಳೆಯರು ಬೇಕಾಗಿದ್ದಾರೆ. ನಮ್ಮ ನಾಲೆಯ ಮೇಲೆ ದೋಣಿ ಕಾಣದಿದ್ದರೆ ನಾಚಬೇಕಾದದ್ದೇನೂ ಇಲ್ಲ. ಅದೂ ಸರಕು ಸಾಗಿಸುವ ಕಾಲುವೆಯೇ. ಸರಕು ಯಾವುದೆಂದರೆ, ಅದರೊಳಗಿನ ನೀರು. ಅದು ಕಡೆಯ ತೂಬಿನವರೆಗೆ ಮುಟ್ಟಿತೆ ಎಂಬುದೊಂದೇ ಇಲ್ಲಿ ಕೇಳಬೇಕಾದ ಮಾತು.